ದಿಗ್ವ್ರತವೂ ಕಾಡಿನ ಹಾದಿಯೂ

ಬುದ್ಧಿಪೂರ್ವಕವಾಗಿ ಯಾವ ಪ್ರಾಣಿಯನ್ನೂ ಕೊಲ್ಲಬಾರದೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾದ ಪ್ರಸಂಗ ಬರುವುದಿಲ್ಲ. ಅದು ತುತ್ತು ಅನ್ನದೊಡನೆಯೇ ಬರುವ ಸಂಸ್ಕಾರ. ಆದರೆ ಕೊಲ್ಲುವ ಇಚ್ಛೆಯಿಲ್ಲದೆ, ಜೀವನೋಪಾಯದ ಒತ್ತಾಯವೂ ಇಲ್ಲದೆ, ಕೇವಲ ಉಲ್ಲಾಸಕ್ಕಾಗಿ ನಾವು ಮಾಡುವ ಕ್ರಿಯೆಯಿಂದ ಆಗುವ ಹಿಂಸೆಯ ವಿಷಯದಲ್ಲಿ ಅಷ್ಟೇ ಎಚ್ಚರದಿಂದಿದ್ದೇವೆಯೇ? ಈ ಪ್ರಶ್ನೆ ನನಗೆ ಶಾಸ್ತ್ರಗ್ರಂಥದಿಂದ ಎದುರಾದುದಲ್ಲ. ನನ್ನ ಅಂಗಡಿಯ ಬಿಲ್ ಪುಸ್ತಕದಿಂದ ಎದುರಾಯಿತು.

ಕೋಲಾರದಲ್ಲಿ ನಮ್ಮದು ಟೈರು ಮತ್ತು ವಾಹನದ ಬಿಡಿಭಾಗಗಳ ವ್ಯಾಪಾರ. ಕಳೆದ ವರ್ಷ ಪರ್ಯೂಷಣಕ್ಕೆ ಮೊದಲು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗ ಬಂದು, ತನ್ನ ಹೊಸ ಫೋರ್ ವೀಲ್ ಡ್ರೈವ್ ಜೀಪಿಗೆ ಕೆಸರಿನಲ್ಲಿ ಹಿಡಿತ ಕೊಡುವ ದಪ್ಪ ಹಲ್ಲಿನ ಟೈರುಗಳು ಬೇಕೆಂದನು. ತರಿಸಿಕೊಟ್ಟೆ. ಅವನ ಮೂವರು ಸ್ನೇಹಿತರಿಗೂ ಕೊಟ್ಟೆ. ಲಾಭವೂ ಚೆನ್ನಾಗಿಯೇ ಉಳಿಯಿತು. ಪರ್ವ ಕಳೆದು, ಕ್ಷಮಾವಣಿಯ ದಿನ ಸಕಲ ಜೀವರಾಶಿಗೂ ಕೈಮುಗಿದು ಕ್ಷಮೆ ಬೇಡಿದ ಮರುವಾರವೇ ಹನ್ನೊಂದು ಜೀಪುಗಳ ಆ ತಂಡ ಶತಶೃಂಗ ಬೆಟ್ಟಸಾಲಿನ ಹಿಂಬದಿಯ ಕುರುಚಲು ಕಾಡಿಗೆ ಹೋಗಿ, ಮಳೆ ನಿಂತ ಇಳಿಜಾರಿನಲ್ಲಿ ದಿನವಿಡೀ ಹತ್ತಿ ಇಳಿದು ಬಂದಿತು. ಸಂಜೆ ನಮ್ಮ ಮನೆಯಲ್ಲೇ ಎಲ್ಲರೂ ಊಟ ಮಾಡಿದರು. ಸೂರ್ಯಾಸ್ತಕ್ಕೆ ಮೊದಲೇ ಮುಗಿಸಿದರೆಂದು ನಾನು ಸಂತೋಷಪಟ್ಟುದೂ ಉಂಟು.

ಕಾರ್ತಿಕ ಮಾಸದಲ್ಲಿ ಬೇರೆ ಕಾರ್ಯನಿಮಿತ್ತ ಆ ಬೆಟ್ಟದ ಬುಡದ ಹಳ್ಳಿಗೆ ಹೋಗಿದ್ದೆ. ಕುರಿ ಮೇಯಿಸುವ ವೃದ್ಧರೊಬ್ಬರು ಒಂದು ಕುಂಟೆಯ ದಂಡೆಯ ಮೇಲೆ ಕುಳಿತಿದ್ದರು. ಮಳೆಗಾಲ ಕಳೆದಿದ್ದರೂ ಕುಂಟೆಯಲ್ಲಿ ಅಂಗೈಯಷ್ಟು ಕೆಸರು ನೀರು ಮಾತ್ರ ಇತ್ತು. ಕಾರಣ ಕೇಳಿದೆ. "ಮಳೆಗೇನು ಕಮ್ಮಿ ಇಲ್ಲ ಸ್ವಾಮಿ. ಮೇಲೆ ಜೀಪುಗಳು ಓಡಾಡಿ ಜಾಡು ಬಿದ್ದವಲ್ಲ, ನೀರೆಲ್ಲ ಆ ಜಾಡಿನಾಗೇ ಹಿಡ್ಕೊಂಡು ಆ ಕಡೆ ಹಳ್ಳಕ್ಕೆ ಹೋಗ್ತದೆ. ಇಲ್ಲಿಗೆ ಬರೋದು ನಿಂತೋಯ್ತು," ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಹತ್ತಿ ನೋಡಿದೆ. ಎರಡು ಸಮಾನಾಂತರ ಕೊರಕಲುಗಳು, ಮೊಣಕಾಲು ಆಳ. ಒಂದೆರಡು ಕಡೆ ಗಟ್ಟಿಯಾದ ಮಣ್ಣಿನಲ್ಲಿ ಟೈರಿನ ಹಲ್ಲಿನ ಗುರುತು ಇನ್ನೂ ಅಚ್ಚಾಗಿತ್ತು. ನಾನೇ ಮಾರಿದ ಮಾದರಿ. ಮೂವತ್ತೈದು ವರ್ಷ ಈ ವ್ಯಾಪಾರ ಮಾಡಿದವನಿಗೆ ಅದನ್ನು ಗುರುತಿಸಲು ಕಷ್ಟವಾಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೆಟ್ಟದ ಮೇಲೆ ಬಿದ್ದ ಹನಿ ಹುಲ್ಲಿನ ಬುಡದಲ್ಲಿ ತಂಗಿ, ಇಂಗಿ, ಉಳಿದುದು ಸಣ್ಣ ಸೀಳುಗಳಲ್ಲಿ ಕುಂಟೆಗೂ ಕಾಲುವೆಯಲ್ಲಿ ಕೆರೆಗೂ ಸೇರುವ ವ್ಯವಸ್ಥೆಯನ್ನು ಹಿರಿಯರು ಶತಮಾನಗಳಿಂದ ಕಾಪಾಡಿಕೊಂಡು ಬಂದರು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸಬೇಕಾಯಿತೆಂದರೆ ಇಲ್ಲಿನ ನೀರಿನ ಬಡತನ ಎಷ್ಟೆಂಬುದನ್ನು ಊಹಿಸಬಹುದು. ಆ ನೀರೂ ಬೆಟ್ಟದ ಬುಡದ ಕುಂಟೆಗಳಿಗೆ ಏರುವುದಿಲ್ಲ. ಒದ್ದೆ ನೆಲದ ಮೇಲೆ ಭಾರವಾದ ವಾಹನ ಸಾಗಿದಾಗ ಮಣ್ಣಿನ ಕಣಗಳ ನಡುವಣ ಗಾಳಿಯ ಎಡೆಗಳು ಮುಚ್ಚಿಹೋಗುತ್ತವೆ. ಅಲ್ಲಿ ನೀರು ಇಂಗುವುದಿಲ್ಲ, ಬೀಜ ಬೇರಿಳಿಸುವುದಿಲ್ಲ. ಜಾಡು ಇಳಿಜಾರಿನ ದಿಕ್ಕಿನಲ್ಲಿದ್ದರೆ ಅದೇ ಕಾಲುವೆಯಾಗಿ, ಪ್ರತಿ ಮಳೆಗೂ ಆಳವಾಗುತ್ತ, ಮೇಲ್ಮಣ್ಣನ್ನು ಕೊಚ್ಚಿ ಕೆಳಗಿನ ಕೆರೆಗೆ ಹೂಳಾಗಿ ತುಂಬುತ್ತದೆ. ಒಂದು ದಿನದ ಓಡಾಟ ಹೀಗೆ ಹಲವು ಮಳೆಗಾಲಗಳ ಕೆಲಸವನ್ನು ತಾನೇ ಮುಂದುವರಿಸಿಕೊಂಡು ಹೋಗುತ್ತದೆ.

ಇದು ಪೃಥ್ವೀಕಾಯ, ಜಲಕಾಯಗಳ ಮಾತಾಯಿತು. ತ್ರಸಜೀವಿಗಳ ಲೆಕ್ಕ ಬೇರೆ. ಬಂದರೆ, ಕಾರೆ, ತಂಗಡಿ ಗಿಡಗಳ ಈ ಒಣ ಕಾಡನ್ನು ಕಂಡು 'ಇದರಲ್ಲೇನಿದೆ, ಬರೀ ಪೊದೆ' ಎನ್ನುವವರುಂಟು. ಟಿಟ್ಟಿಭ ಪಕ್ಷಿ ಗೂಡು ಕಟ್ಟುವುದಿಲ್ಲ. ಬಯಲಿನ ಕಲ್ಲುಚೂರುಗಳ ನಡುವೆ ಕಲ್ಲಿನಂತೆಯೇ ಕಾಣುವ ಮೊಟ್ಟೆಗಳನ್ನಿಡುತ್ತದೆ. ಗೌಜುಗದ ಮೊಟ್ಟೆಗಳು ಪೊದೆಯ ಬುಡದ ನೆಲದ ಮೇಲೆ. ನಕ್ಷತ್ರ ಆಮೆ ಅಪಾಯ ಕಂಡೊಡನೆ ಓಡುವುದಿಲ್ಲ, ಚಿಪ್ಪಿನೊಳಗೆ ಸೇರಿ ಇದ್ದಲ್ಲೇ ಇರುತ್ತದೆ. ನರಿಯಿಂದ ಅದನ್ನು ಉಳಿಸುವ ಆ ಉಪಾಯ ಚಕ್ರದ ಮುಂದೆ ಫಲಿಸದು. ಜೀಪಿನ ಆಸನದಿಂದ ಇವು ಯಾವುವೂ ಕಾಣುವುದಿಲ್ಲ. ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ದೃಷ್ಟಿಸಿ ಹೆಜ್ಜೆಯಿಡುತ್ತಾರೆ. ಜೀಪಿನಲ್ಲಿ ಕುಳಿತವನಿಗಾದರೋ ಆ ನಾಲ್ಕು ಮೊಳವನ್ನೇ ಎಂಜಿನ್ನಿನ ಮುಚ್ಚಳ ಮರೆಮಾಡಿರುತ್ತದೆ.

ಮನೆಗೆ ಬಂದವನು ಹುಡುಗನಿಗೆ ದೂರವಾಣಿ ಮಾಡಿ ವಿಷಯ ತಿಳಿಸಿದೆ. ಅವನ ಉತ್ತರವನ್ನು ನ್ಯಾಯವಾಗಿ ಇಲ್ಲಿ ದಾಖಲಿಸಬೇಕು. "ದೊಡ್ಡಪ್ಪ, ಟೇಕಲ್ ಕಡೆ ಕ್ವಾರಿಗಳಲ್ಲಿ ಗುಡ್ಡಗಳನ್ನೇ ಒಡೆಯುತ್ತಾರೆ. ಆ ಟಿಪ್ಪರುಗಳಿಗೆ ಟೈರು ಮಾರುವವರು ನೀವೇ. ರೈತ ನೇಗಿಲು ಹೂಡಿದರೆ ಎಷ್ಟು ಜೀವ ಸಾಯುತ್ತವೆ? ನಾವು ವರ್ಷಕ್ಕೆ ನಾಲ್ಕು ಸಲ ಹೋಗುವವರು, ಕಾಡನ್ನು ಪ್ರೀತಿಸುವವರು. ನಮಗೆ ಮಾತ್ರ ಏಕೆ ಪಾಪ?" ಎಂದನು. ಮುಂದುವರಿದು, 2018ರ ಆಗಸ್ಟ್ ತಿಂಗಳಲ್ಲಿ ಕೇರಳದ ಮಹಾಪ್ರವಾಹದಲ್ಲಿ ಇಂಥ ಜೀಪುಗಳ ಮಾಲೀಕರು ರಕ್ಷಣಾ ಕಾರ್ಯಕ್ಕೆ ಇಳಿದುದನ್ನು ಸ್ಮರಿಸಿ, ಕಷ್ಟದ ನೆಲದಲ್ಲಿ ವಾಹನ ನಡೆಸುವುದು ಒಂದು ವಿದ್ಯೆ, ಅಭ್ಯಾಸವಿಲ್ಲದೆ ಅದು ಬಾರದು ಎಂದೂ ಹೇಳಿದನು.

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿದೆ.

ಗೃಹಸ್ಥನ ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿರುವುದು ವಾಚಕರಿಗೆ ತಿಳಿದೇ ಇದೆ. ರೈತನ ನೇಗಿಲು ಉದ್ಯೋಗೀ ಹಿಂಸೆ. ಅಡಿಗೆಮನೆಯ ಒಲೆ ಆರಂಭೀ ಹಿಂಸೆ. ಇವು ನಿರ್ದೋಷವೆಂದು ಯಾರೂ ಹೇಳಲಿಲ್ಲ; ಗೃಹಸ್ಥನಾಗಿರುವವರೆಗೆ ಅನಿವಾರ್ಯ, ಆದ್ದರಿಂದ ಮಿತಿಯೊಳಗಿರಲಿ ಎಂದರು. ಕಲ್ಲು ಕ್ವಾರಿಯ ಟಿಪ್ಪರೂ ಈ ಗಣನೆಗೆ ಬರುತ್ತದೆ. ಅದರ ಮಿತಿ ಮೀರಿದೆಯೆಂಬುದು ನನ್ನ ಅಭಿಪ್ರಾಯವಾದರೂ ಅದು ಬೇರೊಂದು ಲೇಖನದ ವಿಷಯ, ಮತ್ತು ಅದನ್ನು ಬರೆಯುವಷ್ಟು ನಾನು ನಿರ್ಲಿಪ್ತನಲ್ಲ. ಹುಡುಗರ ಜೀಪು ಈ ನಾಲ್ಕರಲ್ಲಿ ಎಲ್ಲಿ ಸೇರುತ್ತದೆ? ಕೊಲ್ಲುವ ಸಂಕಲ್ಪವಿಲ್ಲ. ಮನೆವಾರ್ತೆಯಲ್ಲ, ಉದ್ಯೋಗವಲ್ಲ, ಆತ್ಮರಕ್ಷಣೆಯಂತೂ ಅಲ್ಲ. ನಾಲ್ಕರಲ್ಲಿಯೂ ಸೇರದ ಇದಕ್ಕೆಂದೇ ಒಂದು ಪ್ರತ್ಯೇಕ ವ್ರತವಿದೆ: ಅನರ್ಥದಂಡವಿರತಿ. ಅರ್ಥವಿಲ್ಲದೆ, ಅಂದರೆ ಪ್ರಯೋಜನವಿಲ್ಲದೆ ಜೀವಿಗಳಿಗೆ ಕೊಡುವ ದಂಡ.

ನಾನು ಬಿ.ಕಾಂ. ಓದಿದವನು, ಈ ಭೇದ ನನಗೆ ಲೆಕ್ಕಪತ್ರದಿಂದಲೇ ಸುಲಭವಾಗಿ ಅರ್ಥವಾಗುತ್ತದೆ. ವ್ಯಾಪಾರದ ನಿಮಿತ್ತ ಮಾಡಿದ ಖರ್ಚು ಎಷ್ಟೇ ದೊಡ್ಡದಿರಲಿ, ಲೆಕ್ಕಪರಿಶೋಧಕರು ವೋಚರು ನೋಡಿ ಒಪ್ಪುತ್ತಾರೆ. ನಿಮಿತ್ತವಿಲ್ಲದ ಖರ್ಚು ಹತ್ತು ರೂಪಾಯಿಯಾದರೂ ಕೆಂಪು ಶಾಯಿಯ ಗೆರೆ ಬೀಳುತ್ತದೆ. 'ಟಿಪ್ಪರಿನದು ದೊಡ್ಡ ಖರ್ಚು, ನನ್ನದು ಸಣ್ಣದು' ಎಂಬ ವಾದ ಅಲ್ಲಿ ನಡೆಯದು.

ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ 'ಪ್ರಮಾದಚರ್ಯೆ'ಯಲ್ಲಿ ಏನೇನನ್ನು ಸೇರಿಸಿದ್ದಾರೆಂಬುದನ್ನು ನಾನು ಹಲವು ಸಲ ಓದಿದ್ದೆ. ಈ ಘಟನೆಯ ಅನಂತರ ಓದಿದಾಗ ಬೆಚ್ಚಿದೆ. ನಿಷ್ಫಲವಾಗಿ ಭೂಮಿ, ನೀರು, ಅಗ್ನಿ, ವಾಯುಗಳಿಗೆ ತೊಂದರೆ ಕೊಡುವುದು, ಸಸ್ಯಗಳನ್ನು ಕತ್ತರಿಸುವುದು ಇವುಗಳ ಜೊತೆಗೆ ಸುಮ್ಮನೆ ತಿರುಗಾಡುವುದು ಮತ್ತು ಇತರರನ್ನು ತಿರುಗಾಡಿಸುವುದು ಎಂಬ ಎರಡನ್ನೂ ಅವರು ಎಣಿಸಿದ್ದಾರೆ. ಮೋಟಾರು ವಾಹನಗಳೇ ಇಲ್ಲದಿದ್ದ ಕಾಲದ ಮಾತಿದು. ತಿರುಗಾಡುವವರು ಹುಡುಗರು; ತಿರುಗಾಡಿಸಿದವನು ಟೈರು ಕೊಟ್ಟ ನಾನು. ಆ ಐದರಲ್ಲಿಯೇ 'ಹಿಂಸಾದಾನ', ಅಂದರೆ ಹಿಂಸೆಯ ಉಪಕರಣಗಳನ್ನು ಮತ್ತೊಬ್ಬರಿಗೆ ಒದಗಿಸುವುದು ಎಂಬುದೂ ಇದೆಯೆಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಾಗಲಾರದು.

ಹಾಗಾದರೆ ಕಾಡಿಗೆ ವಾಹನ ಒಯ್ಯಲೇಬಾರದೆ? ನಿಷೇಧವೊಂದೇ ಮಾರ್ಗವೆಂದು ಹೇಳಿದ್ದರೆ ಶ್ರಾವಕಾಚಾರಗಳು ಇಷ್ಟು ವಿಸ್ತಾರವಾಗಿ ಬೇಕಿರಲಿಲ್ಲ. ಗುಣವ್ರತಗಳ ಗಣನೆಯಲ್ಲಿ ಆಚಾರ್ಯರಲ್ಲಿ ಸ್ವಲ್ಪ ಭೇದವಿದ್ದರೂ ದಿಗ್ವ್ರತ ಎಲ್ಲರಿಗೂ ಸಮ್ಮತ. ಇಂಥ ದಿಕ್ಕಿನಲ್ಲಿ ಇಂಥ ಗುರುತಿನವರೆಗೆ ಮಾತ್ರ ಹೋಗುತ್ತೇನೆಂದು ಮೊದಲೇ ಮರ್ಯಾದೆ ಹಾಕಿಕೊಳ್ಳುವುದು ದಿಗ್ವ್ರತ. ಮರ್ಯಾದೆಯ ಗುರುತುಗಳಾಗಿ ಸಮುದ್ರ, ನದಿ, ಅಡವಿ, ಗಿರಿ, ಜನಪದ, ಯೋಜನಗಳನ್ನು ಸಮಂತಭದ್ರರು ಹೇಳಿದ್ದಾರೆ. ಗಮನಿಸಬೇಕು: ಅಡವಿ ಮತ್ತು ಗಿರಿ ಅವರ ದೃಷ್ಟಿಯಲ್ಲಿ ಗೃಹಸ್ಥನು ನಿಲ್ಲಬೇಕಾದ ಗಡಿಕಲ್ಲುಗಳು. ಇಂದು ಅವೇ ಹೊರಡುವ ಗುರಿಗಳಾಗಿವೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತದ ಐದು ಅತಿಚಾರಗಳು ಬರುತ್ತವೆ. ಊರ್ಧ್ವವ್ಯತಿಕ್ರಮ, ಅಧೋವ್ಯತಿಕ್ರಮ, ತಿರ್ಯಗ್ವ್ಯತಿಕ್ರಮ, ಅಂದರೆ ಮೇಲೆ, ಕೆಳಗೆ, ಅಡ್ಡಲಾಗಿ ಮಿತಿ ಮೀರುವುದು. ಪಾಠಶಾಲೆಯಲ್ಲಿ ಇವನ್ನು ಕಂಠಪಾಠ ಮಾಡುವಾಗ, ಒಂದೇ ತಪ್ಪನ್ನು ಮೂರಾಗಿ ಏಕೆ ಎಣಿಸಿದರೆಂದು ನನಗೆ ಅನಿಸುತ್ತಿತ್ತು. ಆ ಇಳಿಜಾರನ್ನು ನೋಡಿದ ಮೇಲೆ ಅನಿಸಲಿಲ್ಲ. ನೆಟ್ಟಗೆ ಮೇಲೆ ಹತ್ತಿದ ಜಾಡು ಕೊರಕಲಾಗಿತ್ತು. ಕೆಳಗೆ ಹಳ್ಳಕ್ಕೆ ಇಳಿದ ಕಡೆ ದಂಡೆ ಕುಸಿದಿತ್ತು. ಅಡ್ಡಲಾಗಿ ಹಾಯ್ದ ಜಾಡೇ ಕುಂಟೆಯ ನೀರನ್ನು ಕದ್ದುದು. ಮೂರಕ್ಕೂ ಫಲ ಬೇರೆ ಬೇರೆ.

ನಾಲ್ಕನೆಯದು ಕ್ಷೇತ್ರವೃದ್ಧಿ, ಹಾಕಿಕೊಂಡ ಎಲ್ಲೆಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದು. ಕಾಡಿನಲ್ಲಿ ಅದು ನಡೆಯುವ ರೀತಿ ಸ್ವಾರಸ್ಯವಾಗಿದೆ. ಹಳೆಯ ಬಂಡಿಜಾಡಿನಲ್ಲಿ ಕೆಸರು ನಿಂತ ಗುಂಡಿಯೊಂದಿದೆ ಎನ್ನೋಣ. ಮೊದಲನೆಯ ಜೀಪು ಅದನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಹೋಗುತ್ತದೆ. ಅಲ್ಲಿಯೂ ಕೆಸರಾಗುತ್ತದೆ, ಎರಡನೆಯದು ಇನ್ನಷ್ಟು ಪಕ್ಕಕ್ಕೆ. ಹನ್ನೊಂದನೆಯ ಜೀಪು ಹೋಗುವಷ್ಟರಲ್ಲಿ ಒಂದು ಬಂಡಿಯಗಲದ ದಾರಿ ನಾಲ್ಕು ಬಂಡಿಯಗಲದ ಬಯಲಾಗಿರುತ್ತದೆ. ಹೊರದೇಶಗಳಲ್ಲಿ ಈ ವಿದ್ಯೆ ಕಲಿಸುವವರು ಗುಂಡಿಯನ್ನು ಸುತ್ತಿಹೋಗಬೇಡಿ, ನಡುವೆಯೇ ಮೆಲ್ಲಗೆ ಹೋಗಿ, ಆಗದಿದ್ದರೆ ಹಿಂದಿರುಗಿ ಎನ್ನುತ್ತಾರೆ. ಹೊಳೆಯನ್ನು ಗೊತ್ತಾದ ಕಡವಿನಲ್ಲಿ ಮಾತ್ರ ದಾಟಿ, ಜಾಡು ಒದ್ದೆಯಿದ್ದರೆ ಅಂದು ಹೋಗಲೇಬೇಡಿ, ಚಕ್ರದ ಕೆಸರಿನಲ್ಲಿ ಕಳೆಯ ಬೀಜಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವುದರಿಂದ ತೊಳೆದುಕೊಂಡು ಹೊರಡಿ ಎಂಬುದೂ ಅವರ ಪಾಠ. ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ 1972ರ ಫೆಬ್ರವರಿಯಲ್ಲಿಯೇ ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳ ಸಂಚಾರವನ್ನು ನಿಯಂತ್ರಿಸಲು ಆದೇಶ ಹೊರಡಿಸಿದರು. 2005ರಲ್ಲಿ ಅಲ್ಲಿನ ಅರಣ್ಯ ಸೇವೆ, ಗುರುತಿಸಿದ ದಾರಿಗಳಲ್ಲಿ ಮಾತ್ರ ಸಂಚಾರ, ಉಳಿದೆಡೆ ಇಲ್ಲ ಎಂಬ ನಿಯಮ ಮಾಡಿತು. ಭೋಗಪ್ರಧಾನವೆಂದು ನಾವು ಮಾತು ಮಾತಿಗೆ ಜರೆಯುವ ದೇಶ ಅದು!

ಐದನೆಯದು ಸ್ಮೃತ್ಯಂತರಾಧಾನ: ಹಾಕಿಕೊಂಡ ಮಿತಿಯನ್ನೇ ಮರೆಯುವುದು. ಹತ್ತು ಜನ ಸ್ನೇಹಿತರು, ಎಂಜಿನ್ನಿನ ಸದ್ದು, ಒಬ್ಬ ಹತ್ತಿದ ಬಂಡೆಯನ್ನು ಇನ್ನೊಬ್ಬ ಹತ್ತಬೇಕೆಂಬ ಛಲ, ಮೊಬೈಲಿನಲ್ಲಿ ಚಿತ್ರೀಕರಣ. ಅಲ್ಲಿ ಯಾರಿಗೆ ಏನು ನೆನಪಿದ್ದೀತು? ಆದ್ದರಿಂದಲೇ ಮಿತಿಯನ್ನು ಸ್ಥಳದಲ್ಲಿ ನಿಶ್ಚಯಿಸುವುದು ವ್ರತವಾಗಲಾರದು. ಮನೆಯಿಂದ ಹೊರಡುವ ಮೊದಲೇ ಅದು ನಿಶ್ಚಿತವಾಗಿರಬೇಕು.

ಕಾನೂನಿನ ಮಾತನ್ನೂ ಸಂಕ್ಷೇಪವಾಗಿ ಹೇಳಬೇಕು, ಏಕೆಂದರೆ ಅಚೌರ್ಯಾಣುವ್ರತ ಇಲ್ಲಿ ಸೇರುತ್ತದೆ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿಯಾಗಿದೆ. 'ಸರ್ಕಾರಿ ಜಾಗ, ಎಲ್ಲರದೂ' ಎಂಬ ಮಾತು ಹುಡುಗರ ಬಾಯಲ್ಲಿ ಬರುತ್ತದೆ. ಎಲ್ಲರದ್ದಾದುದನ್ನು ಒಬ್ಬನು ಕೇಳದೆ ಬಳಸುವುದು ಕೊಡದುದನ್ನು ತೆಗೆದುಕೊಂಡಂತೆಯೇ, ಅದತ್ತಾದಾನವೇ. 2023ರಲ್ಲಿ ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿಯೆಂದು ಗುರುತಿಸಿದ ಜಮೀನುಗಳನ್ನು ತೆರವುಗೊಳಿಸಿದಾಗ ಫಲ ಕೊಡುತ್ತಿದ್ದ ಮಾವಿನ ಮರಗಳೂ ನೆಲಕ್ಕುರುಳಿದವು. ಅದರ ನ್ಯಾಯಾನ್ಯಾಯಗಳನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಕಾಡಂಚನ್ನು ಉತ್ತವನಿಗೆ ಜೆ.ಸಿ.ಬಿ. ಬರುವ ಜಿಲ್ಲೆಯಲ್ಲಿ ವಿನೋದಕ್ಕಾಗಿ ಕಾಡನ್ನು ಉಳುವವನು ಊಟ ಮಾಡಿ ಬೆಂಗಳೂರಿಗೆ ಹಿಂದಿರುಗುತ್ತಾನೆಂಬುದು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ.

ಇನ್ನೊಂದು ವಿಷಯ, ನಮ್ಮ ಟ್ರಸ್ಟುಗಳ ಪದಾಧಿಕಾರಿಗಳು ಇದನ್ನು ಪರಾಂಬರಿಸಬೇಕು. 2022ರ ಕೊನೆಯಲ್ಲಿಯೂ 2023ರ ಜನವರಿಯಲ್ಲಿಯೂ ಶ್ರೀ ಸಮ್ಮೇದಶಿಖರಜೀ ಪ್ರವಾಸೋದ್ಯಮದ ತಾಣವಾಗಬಾರದೆಂದು ದೇಶಾದ್ಯಂತ ನಮ್ಮ ಸಮಾಜ ಬೀದಿಗಿಳಿಯಿತು. ಆ ಜನವರಿಯಲ್ಲಿ ಕೇಂದ್ರ ಸರ್ಕಾರ ಪಾರಸನಾಥ ಬೆಟ್ಟದ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಕೋಲಾರದಲ್ಲಿ ನಾವೂ ಅಂಗಡಿ ಮುಚ್ಚಿ ಮನವಿ ಕೊಟ್ಟವರೇ. ನಮ್ಮ ಗಿರಿಯ ಮೇಲೆ ಮೋಜಿನ ಜನ ಬರಬಾರದು, ಸರಿ. ಶತಶೃಂಗ ಇನ್ನೊಬ್ಬರ ಗಿರಿ. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ಸಾವಿರಾರು ಜನರಿದ್ದಾರೆ, ಬೆಟ್ಟದ ಮೇಲಿನ ಊರುಗಳಿವೆ, ಕುರಿಗಳಿವೆ. ಅಲ್ಲಿ ನಮ್ಮ ಮಕ್ಕಳು ಮೋಜಿನ ಜನರಾಗಿ ಹೋಗಬಹುದೇ? ಕೊಡಚಾದ್ರಿಯಲ್ಲಿ, ಕೊಡಗಿನ ಮಾಂದಲಪಟ್ಟಿಯಲ್ಲಿ ಬಾಡಿಗೆ ಜೀಪುಗಳಲ್ಲಿ ಮೇಲೇರುವವರಲ್ಲಿ ನಮ್ಮ ಯಾತ್ರಾ ತಂಡಗಳೂ ಇರುತ್ತವೆ. ಪಾಲೀತಾಣದ ಶತ್ರುಂಜಯ ಗಿರಿಯ ಯಾತ್ರೆಯನ್ನು ಚಾತುರ್ಮಾಸದ ನಾಲ್ಕು ತಿಂಗಳು ನಿಲ್ಲಿಸುವ ಪದ್ಧತಿ ಇಂದಿಗೂ ಇದೆ. ಮಳೆಯಲ್ಲಿ ಹುಟ್ಟುವ ಜೀವಿಗಳಿಗೆ ಯಾತ್ರಿಕರ ಬರಿಗಾಲೂ ಭಾರವೆಂದು ಭಾವಿಸಿದ ಪರಂಪರೆ ನಮ್ಮದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಂತಾಗ ವ್ಯಾಪಾರಿಗಳು ಗೊಣಗಿದರು. ಅವರಲ್ಲಿ ನಾನೂ ಒಬ್ಬ, ಸರಕು ತಡವಾಗುತ್ತಿತ್ತು. ಒಂದು ಹೆದ್ದಾರಿಯೇ ದಿಗ್ವ್ರತ ತೊಟ್ಟಿತೆಂದು ಅಂದು ನನಗೆ ಹೊಳೆದಿರಲಿಲ್ಲ.

ಹುಡುಗನ ಎರಡನೆಯ ವಾದದಲ್ಲಿ ಸತ್ಯವಿದೆ. ಪ್ರವಾಹದಲ್ಲಿ ನೆರವಾಗುವ ವಿದ್ಯೆ ಉಳಿಯಬೇಕು. ಆದರೆ ಈಜು ಕಲಿಯಲು ಊರಿನ ಕುಡಿಯುವ ನೀರಿನ ಬಾವಿಯೇ ಬೇಕಿಲ್ಲ. ಒಡೆಯನ ಒಪ್ಪಿಗೆಯಿರುವ ಬೀಳು ಜಮೀನಿನಲ್ಲಿ, ಹಳೆಯ ಕ್ವಾರಿಯ ಹೊಂಡದಲ್ಲಿ ಅಭ್ಯಾಸ ಮಾಡಬಹುದು. ಅರಣ್ಯಕ್ಕೆ ಹೋಗುವುದಾದರೆ ಅನುಮತಿ ಪಡೆದು, ಈಗಾಗಲೇ ಇರುವ ದಾರಿಯಲ್ಲಿ, ನೆಲ ಒಣಗಿರುವಾಗ, ಎರಡು ಮೂರು ವಾಹನಗಳಷ್ಟೆ. ಇಷ್ಟಾದರೂ ಹಿಂಸೆ ಶೂನ್ಯವಾಗುವುದಿಲ್ಲ; ಗೃಹಸ್ಥನಿಗೆ ಸಾಧ್ಯವಾದಷ್ಟು ಕಡಿಮೆಯಾಗುತ್ತದೆ.

ಇದನ್ನೆಲ್ಲ ಅವನಿಗೆ ಹೇಳಿದೆ. ಪೂರ್ತಿ ಒಪ್ಪಿದನೆಂದು ಹೇಳಲಾರೆ. ಆದರೆ ಮಾಘ ಮಾಸದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಐದು ಜನ ಬಂದರು. ಜೀಪುಗಳನ್ನು ಕೆಳಗಿನ ಡಾಂಬರು ರಸ್ತೆಯಲ್ಲೇ ನಿಲ್ಲಿಸಿ, ಹಾರೆ ಗುದ್ದಲಿ ಹೊತ್ತು ನಡೆದೇ ಮೇಲೆ ಹೋದರು. ಆ ಕುರಿಗಾಹಿ ಹಿರಿಯರು ತೋರಿಸಿದಂತೆ ಜಾಡಿಗೆ ಅಡ್ಡಲಾಗಿ ಕಲ್ಲು ಜೋಡಿಸಿ ನೀರನ್ನು ಕುಂಟೆಯ ಕಡೆ ತಿರುಗಿಸಿದರು. ಎರಡು ದಿನ ಹಿಡಿಯಿತು. ಕೆಳಗಿನ ಜಾಡು ಮುಚ್ಚಿತು. ಮೇಲಿನದು ಬಂಡೆಯ ಪಕ್ಕದಲ್ಲಿ ಬಹಳ ಆಳಕ್ಕೆ ಹೋಗಿದ್ದರಿಂದ ಹಾಗೆಯೇ ಉಳಿದಿದೆ. ಈ ಸಲದ ಮುಂಗಾರಿನಲ್ಲಿ ಕುಂಟೆ ಅರ್ಧ ತುಂಬಿತೆಂದು ಆ ಹಿರಿಯರು ಸಂತೆಗೆ ಬಂದಾಗ ಅಂಗಡಿಯ ಮುಂದೆ ನಿಂತು ಹೇಳಿಹೋದರು.

ಅಂಗಡಿಯ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಆ ಟೈರುಗಳ ಇನ್ನೆರಡು ಸೆಟ್ಟುಗಳು ಮೇಲಂತಸ್ತಿನಲ್ಲಿವೆ. ತೋಟದ ಕೆಲಸಕ್ಕೆ ಒಯ್ಯುವ ರೈತರಿಗೆ ಮಾತ್ರ ಕೊಡೋಣವೆಂದು ನಾನು. 'ಕೊಂಡವರು ಎಲ್ಲಿ ಓಡಿಸುತ್ತಾರೆಂದು ನಾವು ಕೇಳಿ ವ್ಯಾಪಾರ ಮಾಡಲಾದೀತೇ ಅಪ್ಪಾಜಿ?' ಎಂದು ಈಗ ಅಂಗಡಿ ನೋಡಿಕೊಳ್ಳುವ ನನ್ನ ಮಗ. ಸದ್ಯಕ್ಕೆ ನಾನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ದಿನ ಕೇಳುತ್ತೇನೆ, ಅವನು ಕುಳಿತ ದಿನ ಕೇಳುವುದಿಲ್ಲ.